ಹಾಳೆಯ ಹಿಂಬದಿ

ಮಾರ್ಚ್ ೧೪

ಪ್ರೀತಿಯ ಪುಟ್ಟಿಗೆ,

ಅಣ್ಣನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪು ನನ್ನದೇ. ನಮ್ಮ ಬೀದಿಯ ಗ್ರಂಥಾಲಯದವರು ಕವನ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದ್ದರು. ಹೆಸರಿಲ್ಲದೆ ಬರೀ ನಂಬರ್ ಹಾಕಿದ ನಲವತ್ತಾರು ಕವನ. ಅದರಲ್ಲಿ ಹದಿನೆಂಟು ಚಂದ್ರನ ಮೇಲೆ! ಪಾಪ, ಅವನಿಗೂ ಒಂದು ರಜೆ ಬೇಡವೇ?

ಮೊದಲ ದಿನವೇ ಅರ್ಧದಷ್ಟನ್ನು ಕಿಟಕಿಯ ಪಕ್ಕಕ್ಕೆ ಎಸೆದು, "ಇವರಿಗೆಲ್ಲ ಬರೆಯೋಕೆ ಯಾರು ಹೇಳಿದ್ರು?" ಅಂತ ಗೊಣಗಿದೆ. ನಿನ್ನ ಅತ್ತಿಗೆ ಅದರಲ್ಲೊಂದು ಹಾಳೆ ಎತ್ತಿಕೊಂಡು ಸಾಮಾನಿನ ಪಟ್ಟಿ ಬರೆಯಲು ಕೂತಳು. ನಮ್ಮ ಮನೆಯ ಪಟ್ಟಿಗಳೆಲ್ಲ ಹಳೇ ಪ್ರೂಫ್ ಹಾಳೆಗಳ ಹಿಂಬದಿಯಲ್ಲೇ ಅಲ್ಲವೇ? ಕೂತವಳೇ ಕೂಗಿದಳು: "ರೀ, ಇದರ ಹಿಂದೇನೋ ಬರೆದಿದೆ, ನೋಡಿದ್ರಾ?"

ನೋಡಿರಲಿಲ್ಲ ಕಣೇ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಒಂದೇ ಬದಿ ಅಚ್ಚಾದ ಪ್ರೂಫ್ ತಿದ್ದಿದ ಕೈ, ಹಾಳೆ ಮಗುಚುವ ಅಭ್ಯಾಸವೇ ಇಲ್ಲ. ಮುಂದೆ ಅದೇ ಮಾಮೂಲಿ ಚಂದ್ರ. ಹಿಂದೆ ಕೊನೆಯ ಎರಡು ಸಾಲು:

ಊರಿನ ಗಡಿಯಾರವೆಲ್ಲ ನನ್ನಿಂದ ಸರಿಹೋದವು,
ಮನೆಯ ಊಟಕ್ಕೆ ದಿನವೂ ನಾನೇ ತಡ.

ಮಹಾಕಾವ್ಯವೇನಲ್ಲ. ಚಂದ್ರನಿಗೆ ಅಂಕ ಕಡಿಮೆಯೇ ಕೊಟ್ಟೆ. ಆದರೆ ಈ ಎರಡು ಸಾಲನ್ನು ಬದುಕಿದವನೇ ಬರೆಯಬೇಕು. ಎಲ್ಲವನ್ನೂ ಮತ್ತೆ ಮೊದಲಿನಿಂದ, ಎರಡೂ ಬದಿ ಓದಿದೆ. ಸೋತವರ ಹಾಳೆಗಳಲ್ಲೂ ಚೆನ್ನಾಗಿದ್ದ ಸಾಲಿನ ಕೆಳಗೆ ಗೆರೆ ಎಳೆದೆ. ಏಳು ಕವನಗಳಲ್ಲಿ ಏನೂ ಸಿಗಲಿಲ್ಲ. ಸುಳ್ಳು ಹೊಗಳಿಕೆ ಬೇಡವೆಂದು, 'ಪೂರ್ತಿ ಓದಿದ್ದೇನೆ' ಅಂತಷ್ಟೇ ಬರೆದೆ.

ಆ ಎರಡು ಸಾಲು ಬರೆದವನು ಗಡಿಯಾರ ರಿಪೇರಿಯವನಂತೆ, ಅವನಿಗೆ ಮೂರನೇ ಬಹುಮಾನ ಬಂತು. ನಾನು ಗೆರೆ ಎಳೆದಿದ್ದ ತನ್ನ ಹಾಳೆಯೊಂದಿಗೆ ವೇದಿಕೆ ಇಳಿದವನೇ ನನ್ನ ಕೈ ಹಿಡಿದುಕೊಂಡ. "ಹಿಂದಗಡೆನೂ ಓದಿದ್ರಲ್ಲ ಸಾರ್! ಯಾರೂ ಓದಲ್ಲ ಅಂತ ನನ್ನ ಹೆಂಡ್ತಿ ಬೆಟ್ ಕಟ್ಟಿದ್ಲು!" ಖುಷಿಯಾಯಿತು, ನಾಚಿಕೆಯೂ ಆಯಿತು.

ನಾವಿಬ್ಬರೂ ಆರಾಮ. ನನ್ನ ಮಂಡಿನೋವು ಕಮ್ಮಿ, ಅತ್ತಿಗೆಯ ಬೈಗುಳ ಮೊದಲಿನಷ್ಟೇ. ಭಾವನವರಿಗೆ ನಮಸ್ಕಾರ ತಿಳಿಸು. ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ಅಣ್ಣ

ತಾ.ಕ.: ಹದಿನೇಳನೇ ವಯಸ್ಸಿನಲ್ಲಿ ನೀನು ನಿನ್ನ ಕವನದ ನೋಟ್‌ಬುಕ್ ಕೊಟ್ಟಿದ್ದೆಯಲ್ಲ, ಆಗ ನಾನು "ಪೂರ್ತಿ ಓದಿದೆ, ಇದು ನಿನ್ನ ಕೈಲಾಗೋದಲ್ಲ" ಅಂದಿದ್ದೆ. ನಾನು ಓದಿದ್ದು ಮೊದಲ ಪುಟ ಮಾತ್ರ. ಆಮೇಲೆ ನೀನು ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸು ಅನ್ನಲೂ ಬಾಯಿ ಬರುತ್ತಿಲ್ಲ. ನೋಟ್‌ಬುಕ್ಕನ್ನು ಅವತ್ತೇ ಒಲೆಗೆ ಹಾಕಿದೆ ಅಂತ ನೀನು ಹೇಳಿದ್ದೆ. ನನ್ನ ಮಾತಿನ ಹಾಗೆ ಅದೂ ಸುಳ್ಳಾಗಿರಲಿ, ಪುಟ್ಟಿ.