ಎರಡು ವರ್ಷ ಚಿಕ್ಕವನು

ಆಗಸ್ಟ್ 5, 2024. ಬೆಳಿಗ್ಗೆ 8.20. ರಾಯಚೂರು

ಬಲ ಮೊಣಕಾಲಿಗೆ ಐಸ್, ಹದಿನೈದು ನಿಮಿಷ. ಎಡ ಪಾದಕ್ಕೆ ಪಟ್ಟಿ. ಆಮೇಲೆ ಮೈದಾನ. ನೂರು ಫ್ರೀ ಥ್ರೋ ಹಾಕಿದೆ, ಎಂಬತ್ತೆರಡು ಬುಟ್ಟಿಗೆ ಬಿದ್ದವು. ತಂಡವೇ ಇಲ್ಲದವನಿಗೆ ಅಷ್ಟು ಸಾಕು.

ಕೊಚ್ಚಿಯ ಕಾಂಟ್ರ್ಯಾಕ್ಟ್ ಮೇ ತಿಂಗಳಿಗೆ ಮುಗಿಯಿತು. ಯಂಗ್ ಟೀಮ್ ಕಟ್ಟುತ್ತಿದ್ದಾರಂತೆ. ಚೆನ್ನೈ, ಪುಣೆ, ಭಿಲಾಯಿ, ಲುಧಿಯಾನಾ, ಮತ್ತೆ ಚೆನ್ನೈ... ಹದಿನಾಲ್ಕು ವರ್ಷ, ಒಂಬತ್ತು ಜರ್ಸಿ. ಬ್ಯಾಸ್ಕೆಟ್‌ಬಾಲ್ ಆಡಿಯೇ ಅನ್ನ ತಿಂದೆ, ಸುಳ್ಳಲ್ಲ. ಆದರೆ ಎಲ್ಲ ಕಡೆಯೂ ಗೆಸ್ಟ್ ಪ್ಲೇಯರ್. ಉಪಚಾರ ಚೆನ್ನಾಗಿರುತ್ತದೆ, ವಾಪಸ್ ಹೋಗುವ ರೈಲಿನ ಟೈಮನ್ನೂ ಅವರೇ ಹೇಳುತ್ತಾರೆ.

ಹೆಂಡತಿ ಗುಲ್ಫಶಾ ಪೇಪರಿನ ಒಂದು ಚೂರನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಪಕ್ಕದ ಮನೆಯವರಿಂದ ಓದಿಸಿಕೊಂಡಳಂತೆ. ಅವಳು ಓದಿದ್ದು ಉರ್ದು ಶಾಲೆ, ಕನ್ನಡ ಅಕ್ಷರ ಬಾರದು. ಈ ಡೈರಿಯನ್ನು ನಾನು ಕನ್ನಡದಲ್ಲಿ ಬರೆಯುವುದಕ್ಕೆ ಅದೂ ಒಂದು ಕಾರಣ.

ಕ್ರೀಡಾ ಹಾಸ್ಟೆಲ್ಲಿಗೆ ಕೋಚ್ ಬೇಕಾಗಿದ್ದಾರೆ. ಕಾಯಂ. ಅದೂ ರಾಯಚೂರಿನಲ್ಲೇ. ಅರ್ಜಿಗೆ ಕೊನೆಯ ದಿನ ಆಗಸ್ಟ್ 31. ವಯೋಮಿತಿ ಮೂವತ್ತೈದು. ನನಗೆ ಮೂವತ್ನಾಲ್ಕು.

ಕಾಗದದ ಪ್ರಕಾರ.

ಆಗಸ್ಟ್ 6

ಇವತ್ತು ಬರೆದೇ ಬಿಡುತ್ತೇನೆ. ಹುಟ್ಟಿದ್ದು 12-4-1988. ಎಲ್ಲ ಕಾಗದದಲ್ಲೂ ಇರುವುದು 12-4-1990. ಇದನ್ನು ಕೈಯಾರೆ ಬರೆದದ್ದು ಇದೇ ಮೊದಲು. ಬರೆದ ಮೇಲೆ ಎದ್ದುಹೋಗಿ ನೀರು ಕುಡಿದು ಬಂದೆ.

2003. ದೇವದುರ್ಗದ ಶಾಲೆ. ಮುದುಕಪ್ಪ ಮಾಸ್ತರ್ ನಮಗೆ ಆಟ ಕಲಿಸುತ್ತಿದ್ದರು. ಹದಿನಾಲ್ಕರೊಳಗಿನವರ ಜಿಲ್ಲಾ ತಂಡದ ಆಯ್ಕೆ ಇತ್ತು. ನನಗೆ ಆಗಲೇ ಹದಿನೈದು. ಮಾಸ್ತರ್ ಎಲ್ಲಿಂದಲೋ ಒಂದು ಅಫಿಡವಿಟ್ ಮಾಡಿಸಿಕೊಂಡು ಬಂದರು. "ಜನ ನಿನ್ನ ಎತ್ತರ ನೋಡ್ತಾರ, ಸಾಹೇಬ್ರು ಕಾಗದ ನೋಡ್ತಾರ. ಸುಮ್ಮನಿರಲೇ" ಎಂದರು. ಸುಮ್ಮನಿದ್ದೆ.

ಕೊನೆಗೆ ಹನ್ನೆರಡನೆಯ ಜಾಗಕ್ಕೆ ಇಬ್ಬರು ಉಳಿದೆವು. ನಾನು, ಮತ್ತು ನಮ್ಮ ತಾಲೂಕಿನ ಜಾಲಹಳ್ಳಿಯಿಂದ ಬರುತ್ತಿದ್ದ ಮೌನೇಶ. ಅವನಿಗೆ ನಿಜವಾಗಿಯೂ ಹದಿಮೂರು. ಇಬ್ಬರನ್ನೂ ಎದುರುಬದುರು ಆಡಿಸಿದರು. ಹನ್ನೊಂದು–ಒಂಬತ್ತು. ನಾನು ಗೆದ್ದೆ. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು, ನನ್ನ ಕೈ ಕುಲುಕಿ, ಬಸ್ ಹಿಡಿಯಲು ಓಡಿದ. ಮತ್ತೆ ಆಟಕ್ಕೆ ಬರಲಿಲ್ಲ.

ಎರಡು ಕಡೆ ನನ್ನನ್ನು ಕಾಯಂ ಮಾಡಿಕೊಳ್ಳುತ್ತೇವೆ ಎಂದಿದ್ದರು. ಗುಲ್ಫಶಾಗೆ ಇದು ಗೊತ್ತಿಲ್ಲ. ದಾಖಲೆ ವೆರಿಫಿಕೇಶನ್ ಎಂದ ಕೂಡಲೇ ಏನೋ ನೆಪ ಹೇಳಿ ಗಂಟುಮೂಟೆ ಕಟ್ಟಿದೆ. ನೋಡಿದವರು ಖಲೀಲ್‌ಗೆ ಒಂದು ಕಡೆ ನಿಲ್ಲುವ ಸ್ವಭಾವವೇ ಇಲ್ಲ ಎನ್ನುತ್ತಾರೆ. ನಿಲ್ಲುವ ಧೈರ್ಯ ಇರಲಿಲ್ಲ, ಅಷ್ಟೇ.

ಆಗಸ್ಟ್ 8. ಮಧ್ಯಾಹ್ನ 3. ದೇವದುರ್ಗ ಬಸ್ ಸ್ಟ್ಯಾಂಡ್

ಅರ್ಜಿಗೆ ವಂಶಾವಳಿ ಬೇಕು. ಅಪ್ಪ, ಅಮ್ಮ, ಮಕ್ಕಳು, ಎಲ್ಲರ ಹುಟ್ಟಿದ ದಿನ. ತಹಶೀಲ್ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ವಲಿ ಪಾಷಾ ಕೂತಿದ್ದರು. ನನ್ನ ಆಧಾರ್, ತಂಗಿ ಅಲ್ಮಾಸಳ ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆಯತೊಡಗಿದರು. ಪೆನ್ನು ನಿಂತಿತು.

"ಭಾಯಿ, ಸಿಟ್ಟಾಗಬ್ಯಾಡ್ರಿ. ನೀವು ತೊಂಬತ್ತರ ಏಪ್ರಿಲ್. ತಂಗಿ ತೊಂಬತ್ತರ ಸೆಪ್ಟೆಂಬರ್. ಒಬ್ಬಾಕಿ ತಾಯಿಗೆ ಐದ ತಿಂಗಳದಾಗ ಎರಡನೇ ಕೂಸು ಹ್ಯಾಂಗ ಬಂತ್ರೀ?"

ಇಪ್ಪತ್ತೊಂದು ವರ್ಷ ನಾನು ಹೆದರುತ್ತಿದ್ದದ್ದು ಇದೊಂದು ಪ್ರಶ್ನೆಗೆ. ನನ್ನ ವಯಸ್ಸು ಕಡಿಮೆ ಮಾಡುವಾಗ ಮಾಸ್ತರರಿಗೆ ನನಗೊಬ್ಬ ತಂಗಿ ಇದ್ದಾಳೆಂಬ ನೆನಪೇ ಆಗಿರಲಿಲ್ಲ! ಎರಡೂ ಆಧಾರ್ ಎತ್ತಿಕೊಳ್ಳಲು ಕೈ ಚಾಚಿದೆ. ವಲಿ ಪಾಷಾ ಮಾತ್ರ ನಗುತ್ತಿದ್ದರು. ಇಂಥವು ದಿನಾ ಬರುತ್ತವಂತೆ.

"ಏನೂ ಆಗೂದಿಲ್ಲ ಬಿಡ್ರಿ. ತಂಗೀದು ತೊಂಬತ್ತೊಂದು ಅಂತ ಮಾಡೋಣು. ಆಕಿ ಬಂದು ಒಂದು ಸಹಿ ಹಾಕಿದ್ರ ಮುಗೀತು."

ಬಸ್ ಬಂತು.

ಆಗಸ್ಟ್ 10. ಮಾನ್ವಿ

ಅಲ್ಮಾಸಳ ಮನೆ. ರೊಟ್ಟಿ, ಪುಂಡಿಪಲ್ಯ, ಸಾಕು ಎಂದರೂ ಮತ್ತೊಂದು ರೊಟ್ಟಿ. ಎಲ್ಲ ಹೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ನಾವು ಆಡುವುದು ದಖನಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ತಾ ಭಾಯ್, ಎಲ್ಲಿ ಸಹಿ ಹಾಕಲಿ? ಒಂದು ವರ್ಷ ಸಣ್ಣಾಕಿ ಆಗೂದು ಅಂದ್ರ ಯಾರು ಒಲ್ಲೆ ಅಂತಾರ?"

ನಕ್ಕಳು. ನಾನು ನಗಲಿಲ್ಲ. ಅಮ್ಮ ಹೋದ ಮೇಲೆ ಈ ಮನೆತನದಲ್ಲಿ ಸರಿಯಾದ ತಾರೀಖು ಉಳಿದಿರುವುದು ಅವಳದೊಂದೇ. ಅದನ್ನೂ ಕೆಡಿಸಲು ಬಂದು ಕೂತಿದ್ದೆ.

ಆಮೇಲೆ ಅವಳೇ ಹೇಳಿದಳು: "ನಿನ್ನ ಜೋಡಿ ಆಡ್ತಿದ್ದ ಮೌನೇಶ ಇಲ್ಲೇ ಅದಾನ. ರೈಸ್ ಮಿಲ್ಲಿನಾಗ ಲಾರಿ ತೂಕ ಮಾಡ್ತಾನ. ಯೂಟ್ಯೂಬಿನಾಗ ನಿನ್ನ ಮ್ಯಾಚ್ ಬಂದ್ರ ಸಾಕು, ಮಿಲ್ಲಿನವರನ್ನೆಲ್ಲ ಕೂಡಿಸಿ ತೋರಿಸ್ತಾನಂತ. 'ನಾ ಸೋತದ್ದು ಇಂಥಾವನ ಕೈಯಾಗ, ಸಣ್ಣಪುಟ್ಟವರ ಕೈಯಾಗಲ್ಲ' ಅಂತ ಹೇಳಿಕೋತಾನ."

ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟೆ. ಸಹಿ ಆಮೇಲೆ ಮಾಡಿಸೋಣ ಎಂದು ಎದ್ದು ಬಂದೆ. ಮಿಲ್ಲಿನ ರಸ್ತೆ ಬಿಟ್ಟು ಸುತ್ತು ಹಾಕಿ ಬಸ್ ಸ್ಟ್ಯಾಂಡಿಗೆ ಬಂದೆ.

ಆಗಸ್ಟ್ 19

ಏನೂ ಮಾಡಿಲ್ಲ. ಫ್ರೀ ಥ್ರೋ ನೂರಕ್ಕೆ ಐವತ್ತೆಂಟು.

ಆಗಸ್ಟ್ 24. ಸಂಜೆ 5

ಗುಲ್ಫಶಾಗೆ ಹೇಳಿಬಿಟ್ಟೆ.

ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿದಳು. ಎದುರು ಕೂತು ಮೊದಲಿನಿಂದ ಹೇಳಿದೆ. ಎರಡು ಕಾಯಂ ನೌಕರಿ ಬಿಟ್ಟು ಬಂದದ್ದನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಹುಟ್ಟಿದ ವರ್ಷ ಹೇಳಿದಾಗ ಮಾತ್ರ ಮೊರ ಕೆಳಗಿಟ್ಟಳು.

"ಎಂಬತ್ತೆಂಟೇನು?"

"ಹೂಂ."

"ನಂದು ಎಂಬತ್ತೊಂಬತ್ತು."

"ಹೂಂ."

"ನಿಕಾಹ್‌ನಾಮಾದಾಗ ನಿಮ್ಮ ತಾರೀಖು ನೋಡಿದಾಗಿಂದ ನಮ್ಮಕ್ಕ 'ಗಂಡಗಿಂತ ದೊಡ್ಡಾಕಿ, ಗಂಡಗಿಂತ ದೊಡ್ಡಾಕಿ' ಅಂತ ಹನ್ನೊಂದು ವರ್ಷ ನನ್ನ ಜೀವಾ ತಿಂದಾಳ. ನೀವು ಪಕ್ಕದಾಗ ಕೂತು ಚಹಾ ಕುಡಕೋತ ನಗ್ತಿದ್ರಿ!"

ನೌಕರಿಯ ಚಿಂತೆ ಆಮೇಲೆ. ಮೊದಲು ಫೋನ್ ಎತ್ತಿಕೊಂಡು ಯಾಪಲದಿನ್ನಿಯಲ್ಲಿರುವ ಅಕ್ಕನಿಗೆ ಹಚ್ಚಿದಳು. ಅರ್ಧ ತಾಸು. ಗುಟ್ಟು ಯಾಪಲದಿನ್ನಿ ಮುಟ್ಟಿತು ಎಂದರೆ ಇನ್ನು ಅದನ್ನು ಗುಟ್ಟು ಎನ್ನುವಂತಿಲ್ಲ. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಎದೆಯ ಮೇಲೆ ಕೂತಿದ್ದ ಏನೋ ಒಂದು ಇಳಿದು ಹೋದ ಹಾಗಾಯಿತು.

ಫೋನಿಟ್ಟು ಬಂದು ಮತ್ತೆ ಮೊರ ತೆಗೆದುಕೊಂಡಳು. ಅಲ್ಮಾಸಳ ಕಾಗದ ಮುಟ್ಟಬೇಡಿ ಎಂದಳು. ನೌಕರಿ ಹೋದರೆ ಹೋಗಲಿ. ಆಮೇಲೆ, ನನ್ನ ಮುಖ ನೋಡದೆ: "ಆ ಹುಡುಗಗ ಹೇಳೀರೇನು?"

ಹುಡುಗ ಎನ್ನುತ್ತಾಳೆ. ಮೌನೇಶನಿಗೂ ಈಗ ಮೂವತ್ನಾಲ್ಕು.

ಆಗಸ್ಟ್ 28

ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಹೋದೆ. ಕಾಗದದಲ್ಲಿ ಮೂವತ್ನಾಲ್ಕು ಇದೆ, ನಿಜ ಮೂವತ್ತಾರು ಎಂದೆ. ಮೇಡಂ ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನೋಡುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆರಡಿ ಮೂರಂಗುಲ.

"ಹಂಗಿದ್ರ ಅರ್ಜಿ ಹಾಕಾಕ ಬರೂದಿಲ್ರಿ. ತಾರೀಖು ಸರಿ ಮಾಡಿಸ್ಬೇಕಂದ್ರ ಕೋರ್ಟಿಗೆ ಹೋಗ್ರಿ."

ಅಷ್ಟೇ. ಅಷ್ಟು ಹೇಳಿ ನನ್ನ ಹಿಂದೆ ನಿಂತವರನ್ನು ಕರೆದರು. ಇಷ್ಟು ವರ್ಷ ನಾನು ಕನಸಿನಲ್ಲಿ ಕಂಡ ಪೊಲೀಸರು, ಪೇಪರಿನ ಫೋಟೋ, ಯಾವುದೂ ಇಲ್ಲ. ಹೊರಗೆ ಬಂದು ಒಂದು ಪ್ಲೇಟ್ ಮಿರ್ಚಿ ಭಜಿ ತಿಂದೆ. ಮತ್ತೊಂದು ಪ್ಲೇಟ್ ತಿಂದೆ.

ವಕೀಲರನ್ನು ನೋಡಿ ಬಂದೆ. ಆಟದ ಅಸೋಸಿಯೇಷನ್‌ಗೂ ಪತ್ರ ಹಾಕಿದೆ. ಹಳೆಯ ಸರ್ಟಿಫಿಕೇಟ್ ವಾಪಸ್ ಕೇಳಿದರೆ ಕೊಡುತ್ತೇನೆ. ಊರಿನ ಒಂದು ಕಾಲೇಜಿನವರು ಬೆಳಿಗ್ಗೆ-ಸಂಜೆ ಬಂದು ಹುಡುಗಿಯರ ತಂಡಕ್ಕೆ ಕಲಿಸಿ ಎಂದಿದ್ದಾರೆ. ಪಗಾರ ಸಣ್ಣದು. ನಿಜವಾದ ವಯಸ್ಸು ಹೇಳಿದೆ. ಅದನ್ನು ಯಾರು ಕೇಳಿದರು ಎನ್ನುವ ಹಾಗೆ ನೋಡಿದರು.

ಸೆಪ್ಟೆಂಬರ್ 3. ಸಂಜೆ 6. ಮಾನ್ವಿಯಿಂದ ವಾಪಸ್, ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಇರಲಿ.

ಸುಗ್ಗಿ ಇನ್ನೂ ದೂರ. ಮಿಲ್ಲಿನಲ್ಲಿ ಭತ್ತ ಒಣಗಿಸುವ ಸಿಮೆಂಟ್ ಅಂಗಳ ಖಾಲಿ ಬಿದ್ದಿತ್ತು. ಲಾರಿ ತೂಗುವ ಕಟ್ಟೆಯ ಪಕ್ಕದ ಕ್ಯಾಬಿನ್‌ನಲ್ಲಿ ಮೌನೇಶ. ಹೊಟ್ಟೆ ಬಂದಿದೆ, ಕಣ್ಣು ಅವೇ. ನನ್ನನ್ನು ಕಂಡು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ.

"ಲೇ ಖಲೀಲಾ! ಏ, ಬರ್ರಿಲೇ ಎಲ್ಲಾರೂ, ನಾ ಹೇಳ್ತಿದ್ನೆಲ್ಲ, ಬಂದಾನ ನೋಡ್ರಿ!"

ಹಮಾಲರು ಬಂದರು. ಸೆಲ್ಫಿ ತೆಗೆದರು. ಅವನು ನನ್ನ ಹೆಗಲಿನ ಮೇಲೆ ಕೈ ಹಾಕಿ ನಿಂತ. ಓಡಿಹೋಗಿಬಿಡಬೇಕು ಎನಿಸಿತು. ಚಹಾ ಬಂತು. ಜನ ಕೆಲಸಕ್ಕೆ ಹೋದರು. ಆಗ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಆ ಹೊತ್ತಿಗೆ ನನಗೆ ಹದಿನೈದು ಆಗಿತ್ತು, ಆ ಜಾಗ ನಿನ್ನದು, ನಾನು ಕಸಿದುಕೊಂಡೆ.

 ತೌಡಿನ ಲಾರಿಯೊಂದು ಬಂದು ಕಟ್ಟೆ ಏರಿತು. ಮೌನೇಶ ಎದ್ದು ತೂಕ ನೋಡಿದ, ಬರೆದುಕೊಂಡ, ಚೀಟಿ ಹರಿದು ಡ್ರೈವರನಿಗೆ ಕೊಟ್ಟ. ಬಂದು ಕೂತ. ನನ್ನ ಮುಖ ನೋಡಲಿಲ್ಲ.

"ನಮ್ಮಪ್ಪ ನನ್ನ ಚಲೋ ಬೂಟು ಮಾರಿಬಿಟ್ಟ ಅವತ್ತ. ನಿನಗ ಆಟ ಬರೂದಿಲ್ಲ ಅಂದ. ನಾನೂ ಹೂಂ ಅಂದೆ." ಚೀಟಿ ಪುಸ್ತಕ ಮುಚ್ಚಿ: "ಹೇಳಿದಿ, ನಿನಗ ಹಗುರಾತು. ಎದ್ದು ಹೋಗು ಈಗ."

ಎದ್ದು ಬಂದೆ. ಹಗುರಾಗಿದೆಯೇ? ಆಗಿದೆ, ಸುಳ್ಳು ಏಕೆ ಹೇಳಲಿ. ಆದರೆ ನನ್ನ ಭಾರವನ್ನು ಅವನ ಟೇಬಲ್ಲಿನ ಮೇಲೆ ಇಟ್ಟು ಬಂದೆನೇನೋ. ನಾಚಿಕೆಯಾಗುತ್ತಿದೆ.

ಸೆಪ್ಟೆಂಬರ್ 12. ಬೆಳಿಗ್ಗೆ 6.45

ಈಗಲೇ ಬರೆಯಬೇಕು. ಮೈದಾನಕ್ಕೆ ಹೊರಟಿದ್ದೆ, ಫೋನ್ ಬಂತು. ಹೊಸ ನಂಬರ್.

"ಮೌನೇಶ ಮಾತಾಡಾಕತ್ತೀನಿ. ಫೋನ್ ಇಡಬ್ಯಾಡ. ಒಂಬತ್ತು ದಿನ ನಿನಗ ಬೈದು ಮುಗಿಸೀನಿ. ಒಂದು ಕೇಳ್ತೀನಿ, ಖರೇ ಹೇಳು."

"ಕೇಳು."

"ನೀ ಹದಿನೈದರಾಂವ. ನಾ ಹದಿಮೂರರಾಂವ. ನನಗಿಂತ ಒಂದು ಗೇಣು ಎತ್ತರ ಬ್ಯಾರೆ ಇದ್ದಿ. ಆದ್ರೂ ಹನ್ನೊಂದಕ್ಕ ಒಂಬತ್ತು. ನಿನ್ನೆಯಿಂದ ಅದನ್ನ ಲೆಕ್ಕ ಹಾಕಾಕತ್ತೀನಿ..." ಉಸಿರು ಎಳೆದುಕೊಂಡ. "ಹಂಗಂದ್ರ, ನಾ ಚಲೋ ಆಡ್ತಿದ್ದೆ ಅಂತಾತಲ್ಲಲೇ?"

 ಇದ್ದದ್ದನ್ನೇ ಹೇಳಿದೆ: "ನನಗಿಂತ ಚಲೋ ಆಡ್ತಿದ್ದಿ, ಮೌನೇಶ. ಹದಿಮೂರರಾಗ ನನಗ ಎಡಗೈಲೆ ಚೆಂಡು ಬಡ್ಯಾಕೇ ಬರ್ತಿದ್ದಿಲ್ಲ. ನೀ ಎಡಕ್ಕ ಹೊಳ್ಳಿದ್ರ ನಿನ್ನ ಹಿಡ್ಯಾವ್ರೇ ಇದ್ದಿಲ್ಲ."

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಇನ್ನೊಮ್ಮೆ ಹೇಳು. ತಡಿ, ಸ್ಪೀಕರ್ ಹಾಕ್ತೀನಿ. ಸುನಂದಾ! ಒಲಿ ಸಣ್ಣ ಮಾಡಿ ಇಲ್ಲಿ ಬಾ. ಕೇಳಿಲ್ಲಿ, ನ್ಯಾಷನಲ್ ಆಡಿದಾಂವ ಏನ್ ಹೇಳಾಕತ್ತಾನ ನನ್ನ ಬಗ್ಗೆ."

ಅವನ ಹೆಂಡತಿಗಾಗಿ ಇನ್ನೊಮ್ಮೆ ಹೇಳಿದೆ. ಮಗಳನ್ನು ಎಬ್ಬಿಸಿ ಕರೆತಂದ, ಅವಳಿಗಾಗಿ ಮೂರನೆಯ ಸಲ ಹೇಳಿದೆ. ಹತ್ತು ಸಲ ಹೇಳು ಎಂದರೂ ಹೇಳುತ್ತಿದ್ದೆ.

ಗುಲ್ಫಶಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.  ಸೆರಗಿನಿಂದ ನನ್ನ ಮುಖ ಒರೆಸಿ ಒಳಗೆ ಹೋದಳು.

ಸೆಪ್ಟೆಂಬರ್ 22, ಭಾನುವಾರ. ಬೆಳಿಗ್ಗೆ 7.30. ಮೈದಾನ

ಮೊದಲ ಬಸ್ಸಿಗೇ ಮಾನ್ವಿಯಿಂದ ಬಂದ. ಹೊಸ ಬೂಟು, ಡಬ್ಬಿ ಸಮೇತ. ಅದಕ್ಕೆ ಮಣ್ಣು ಹತ್ತಬಾರದೆಂದು ಬಸ್ಸಿನಲ್ಲಿ ಚಪ್ಪಲಿ ಹಾಕಿಕೊಂಡು ಬಂದಿದ್ದಾನೆ. ಐದು ನಿಮಿಷ ಓಡಿ ಹತ್ತು ನಿಮಿಷ ಏದುಸಿರು ಬಿಟ್ಟ. ಎಡಗೈ ಮಾತ್ರ ಏನೂ ಮರೆತಿಲ್ಲ, ಮೂರು ಸಲ ನನ್ನನ್ನು ದಾಟಿ ಹೋದ!

ಜನವರಿಯಲ್ಲಿ ಮೂವತ್ತೈದು ದಾಟಿದವರ ಟೂರ್ನಿ ಇದೆ, ಇಬ್ಬರೂ ಒಂದೇ ತಂಡದಲ್ಲಿ ಆಡೋಣ ಎಂದೆ. ಬೆರಳು ಮಡಚಿ ಎಣಿಸಿದ. ಅವನಿಗೆ ಮೂವತ್ತೈದು ತುಂಬುವುದು ಫೆಬ್ರವರಿಗೆ.

"ಒಂದು ತಿಂಗಳು ಕಡಿಮಿ ಬೀಳ್ತದಲೇ. ಎಲ್ಲಿಯರ ಒಂದು ತಿಂಗಳು ಹೆಚ್ಚು ಮಾಡಿಸ್ಕೊಂಡು ಬರ್ಲೇನು?"

ಇಬ್ಬರೂ ನೆಲಕ್ಕೆ ಕೂತು ನಕ್ಕೆವು. ಕಾಲೇಜಿನ ಹುಡುಗಿಯರು ಈ ಮುದುಕರಿಗೆ ಏನಾಯಿತು ಎಂದು ನೋಡುತ್ತಿದ್ದರು. ಬೇಡ, ಅದರ ಮುಂದಿನ ವರ್ಷ ಆಡೋಣ, ನಾನೂ ನಿನ್ನ ಸಲುವಾಗಿ ಕಾಯುತ್ತೇನೆ ಎಂದೆ. ಕಾಯಬೇಕು ನೋಡು ಮತ್ತೆ, ಎಂದ.

ನೀರು ಕುಡಿಯಲು ಬಂದವನು ಬೆಂಚಿನ ಮೇಲೆ ಕೂತು ಇಷ್ಟು ಗೀಚಿದೆ. ಅಲ್ಲಿಂದ ಕೂಗುತ್ತಿದ್ದಾನೆ. ಹನ್ನೊಂದು ಪಾಯಿಂಟಿನ ಆಟವಂತೆ, ಮೊದಲಿನಿಂದ, ಸೊನ್ನೆ–ಸೊನ್ನೆ. ಬಂದೆ ಎಂದೆ. ಚೆಂಡು ಅವನ ಕೈಯಲ್ಲೇ ಇದೆ, ಮೊದಲ ಸರದಿ ಅವನಿಗೇ.