ಚಂದ್ರನ ಮಣ್ಣಿನಲ್ಲಿ ಒಂದು ಗೆರೆ

ತೆರಕಣಾಂಬಿ
3-2-2025, ಸೋಮವಾರ

ಪ್ರೀತಿಯ ಕೂಸು ಪ್ರಿಯಾಂಕಳಿಗೆ,

ನಿನ್ನ ತಾತ ಮಾಡುವ ಆಶೀರ್ವಾದಗಳು. ಹೇಗಿದ್ದೀಯವ್ವ? ಹಗಲೆಲ್ಲ ಕಂಪ್ಯೂಟರ್ ನೋಡಿ ಕಣ್ಣು ಉರಿಯುತ್ತದೆ ಎನ್ನುತ್ತಿದ್ದೆಯಲ್ಲ, ಈಗ ವಾಸಿಯೇ? ಚಾಮರಾಜನಗರದ ಆ ರೂಮಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ನಿಮ್ಮಜ್ಜಿ ಚೆನ್ನಾಗಿದ್ದಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಅಷ್ಟೇ. ತಟ್ಟೆ ಮುಂದಿಟ್ಟು, ಮುದ್ದೆ ಆರುತ್ತೆ ಅಂತ ಗೋಡೆಗೆ ಹೇಳುತ್ತಾಳೆ. ನೀನು ಫೋನ್ ಎತ್ತುತ್ತಿಲ್ಲ, ಊರಿಗೂ ಬರುತ್ತಿಲ್ಲ. ಎತ್ತಿದರೂ ನನ್ನ ಬಾಯಿಂದ ಮಾತು ಹೊರಡುವುದು ಅನುಮಾನ. ಅದಕ್ಕೇ ಈ ಕಾಗದ.

ಗುಂಡ್ಲುಪೇಟೆಯಲ್ಲಿ ನಾನು ಮಾಡಿದ್ದನ್ನು ನೆನೆದರೆ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ. ದೀಪಾವಳಿಯಲ್ಲಿ ನನ್ನ ಬೆನ್ನಿಗೆ ರಾಗಿಹಿಟ್ಟಿನ ಚೀಲ ಕಟ್ಟಿ, 'ಸುಮ್ನೆ ನಡಿ ತಾತ' ಎಂದು ಅಂಗಳದಲ್ಲಿ ಓಡಾಡಿಸಿ ಮೊಬೈಲಿನಲ್ಲಿ ಹಿಡಿದೆಯಲ್ಲ, ನೆನಪಿಗೆ ಇಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಚಂದ್ರನ ಮೇಲೆ ಹೋಗುವ ಮುದುಕನ ಕಂಪ್ಯೂಟರ್ ಪಿಕ್ಚರಿಗೆ ಎಂದು ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆವತ್ತು ನಿನ್ನ ಪಿಕ್ಚರ್ ತೋರಿಸಲು ಗುಂಡ್ಲುಪೇಟೆ ಸಭಾಂಗಣದ ದೀಪ ಆರಿಸಿದರು. ಪರದೆಯ ಮೇಲೆ ಕಪ್ಪು ಆಕಾಶ ಬಂತು. ಬಿಳಿ ಬಟ್ಟೆಯ ಗಗನಯಾತ್ರಿ ಏಣಿ ಇಳಿದು ಬಲಗಾಲು ಎಳೆಯುತ್ತಾ ನಡೆದ. ಅದು ನನ್ನದೇ ಕಾಲು, ಬಂಡೀಪುರದಲ್ಲಿ ವಾಚರ್ ಆಗಿದ್ದಾಗ ಕಾಡುಹಂದಿ ಗುದ್ದಿದ ಕಾಲು. ಊರಿನ ಹೈಕಳು ನನ್ನ ಹಿಂದೆ ಹಾಗೇ ಅಣಕಿಸಿ ನಡೆಯುವುದನ್ನು ಇಷ್ಟು ವರ್ಷ ಕಂಡೂ ಕಾಣದವನಂತೆ ಇದ್ದೆ. ಅಷ್ಟರಲ್ಲಿ ಜನವೆಲ್ಲ ಗೊಳ್ಳೆಂದಿತು. ನನಗೇನಾಯಿತೋ, ಎದ್ದು ನಿಂತು, 'ನಿಲ್ಸಮ್ಮಿ ಅದ. ನನ್ನ ಕುಂಟ್ಗಾಲ ಊರ್ಗೆಲ್ಲ ತೋರ್ಸಿ ನಗಸ್ತಿದ್ದಯಾ?' ಎಂದು ಕಿರುಚಿಬಿಟ್ಟೆ. ನೀನು ಪಿಕ್ಚರ್ ಆಫ್ ಮಾಡಿದೆ. ನಿನ್ನ ಮುಖ ಸಹ ನೋಡದೆ ಹೊರಟವನಿಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೆನಪಾಗಲಿಲ್ಲ. ಬರಿಗಾಲಿನಲ್ಲೇ ಬಸ್ ಹತ್ತಿದೆ, ನಿಮ್ಮಜ್ಜಿ ಹಿಂದಿನಿಂದ ಓಡಿ ಬಂದಳು.

ನಿನ್ನೆ ಆ ಚಪ್ಪಲಿ ಹಿಡಿದುಕೊಂಡು ನಿನ್ನ ಜೊತೆ ಕೆಲಸ ಮಾಡುವ ಭಾನು ಬಂದಿದ್ದಳು. ಕಾಫಿ ಕುಡಿದು, ಮೊಬೈಲಿನಲ್ಲಿ ಪಿಕ್ಚರ್ ಹಾಕಿ, ಪೂರ್ತಿ ನೋಡಿ ತಾತ ಎಂದಳು. ಜನ ನಕ್ಕಿದ್ದು ಕಾಲಿಗಲ್ಲವಂತೆ ಕಣವ್ವ. ಆ ಮುದುಕ ಚಂದ್ರನ ಮೇಲೆ ಇಳಿದದ್ದೇ ತಡ, ಎಲೆಅಡಿಕೆ ಮಡಿಸಿ ಬಾಯಿಗಿಡಲು ಹೋಗಿ ಹೆಲ್ಮೆಟ್ಟಿನ ಗಾಜಿಗೆ ಒತ್ತುತ್ತಾನೆ. ಅದೂ ನನ್ನದೇ ಚಾಳಿ. ಆವತ್ತು ನನ್ನ ಕಣ್ಣು ಕಾಲು ಬಿಟ್ಟು ಮೇಲಕ್ಕೆ ಹೋಗಿರಲೇ ಇಲ್ಲ. ನನಗೂ ನಗು ಬಂತು. ಮಾತು ಬಿಟ್ಟಿದ್ದನ್ನು ಮರೆತು ನಿಮ್ಮಜ್ಜಿ, 'ಕೂಸ್ನ ಮಾನ ಕಳ್ದ್ಬುಟ್ಟು ಈಗ ನಗ್ತಿದ್ದಯಾ' ಎಂದಳು.

ಆಮೇಲಿನದು ಬಂತು. ಜೊತೆಗೆ ಹೋದ ಹುಡುಗಿ ದಾರಿ ತಪ್ಪುತ್ತಾಳೆ. ರೇಡಿಯೋ ಕೆಟ್ಟಿದೆ, ಎತ್ತ ನೋಡಿದರೂ ಬೂದಿಯಂಥ ಮಣ್ಣು. ಆಗ ಅವಳಿಗೆ ನೆಲದಲ್ಲಿ ಒಂದು ಹೆಜ್ಜೆ, ಪಕ್ಕದಲ್ಲೊಂದು ಎಳೆದ ಗೆರೆ ಕಾಣುತ್ತದೆ. ಅದನ್ನೇ ಹಿಡಿದು ನೌಕೆಗೆ ಬಂದು ಸೇರುತ್ತಾಳೆ. ಚಂದ್ರನಲ್ಲಿ ಗಾಳಿಯಿಲ್ಲ, ಗೆರೆ ಅಳಿಸಿಹೋಗುವುದಿಲ್ಲ ಎಂದಳು ಭಾನು. ನನಗೆ ತಡೆಯಲಾಗಲಿಲ್ಲ, ಅವಳ ಮುಂದೆಯೇ ಅತ್ತುಬಿಟ್ಟೆ. ನೀನು ಚಿಕ್ಕವಳಿದ್ದಾಗ ಕೆರೆ ಹತ್ತಿರ ದಾರಿ ತಪ್ಪಿ, ಧೂಳಿನಲ್ಲಿ ನನ್ನ ಗೆರೆ ಹುಡುಕಿಕೊಂಡು ಹೊಲದ ತನಕ ಬಂದು ಇದೇ ಕಾಲನ್ನು ತಬ್ಬಿಕೊಂಡಿದ್ದೆ. ನಾನದನ್ನು ಮರೆತೇಬಿಟ್ಟಿದ್ದೆ. ನೀನು ಕೊಟ್ಟ ಮರ್ಯಾದೆಯನ್ನು ಅವಮಾನ ಎಂದುಕೊಂಡ ದಡ್ಡ ನಾನು. ಅಷ್ಟು ಜನರ ಮುಂದೆ ನಿನ್ನ ತಲೆ ತಗ್ಗಿಸಿದೆ, ಈಗ ನನ್ನ ತಲೆ ಎತ್ತಲಾಗುತ್ತಿಲ್ಲ. ತಪ್ಪಾಯಿತು ಕೂಸೇ.

ಬೆಟ್ಟದ ಗೋಪಾಲಸ್ವಾಮಿ ನಿನ್ನನ್ನೂ ನಿನ್ನ ಗೆಳತಿಯರನ್ನೂ ತಣ್ಣಗಿಟ್ಟಿರಲಿ. ಅಜ್ಜಿ ನಿನಗೆ ತಿನ್ನಲೆಂದು ಹುರಿಟ್ಟು ಮಾಡಿಟ್ಟಿದ್ದಾಳೆ, ನನಗೆ ಮುಟ್ಟಲು ಬಿಡುತ್ತಿಲ್ಲ.

ನಿನ್ನ ತಾತ,
ಪುಟ್ಟಮಾದಯ್ಯ

ಮರೆತಿದ್ದೆ: ಬಸ್ ಹತ್ತುವಾಗ ಭಾನು ಇನ್ನೊಂದು ಮಾತು ಹೇಳಿದಳು. ಪಿಕ್ಚರನ್ನು ಯಾವುದೋ ಸ್ಪರ್ಧೆಗೆ ಕಳಿಸುವ ಮುಂಚೆ ನೀನು ಮುದುಕನ ಕಾಲನ್ನು ನೆಟ್ಟಗೆ ಮಾಡಲು ಕೂತಿದ್ದೀಯಂತೆ, ಗೆರೆಯನ್ನೂ ತೆಗೆಯುತ್ತೀಯಂತೆ, ತಾತನಿಗೆ ನೋವಾಯಿತು ಅಂತ. ಬೇಡ ಕಣವ್ವ. ಈ ಕಾಗದ ಸಿಕ್ಕ ಕೂಡಲೇ ನಿಲ್ಲಿಸು. ಕಾಲು ನೆಟ್ಟಗಾದರೆ ಆ ಕೂಸು ಮನೆಗೆ ಬರುವುದು ಹೇಗೆ?