ಹುಳದ ಅಟ್ಟಕ್ಕೆ ಗಾಳಿ

೧೨ ಏಪ್ರಿಲ್ ೧೯೮೪, ಹೊಂಗನೂರು

ಸೊಪ್ಪು ಹಾಕಿ ಈಗ ಇಳಿದೆ. ರೇಷ್ಮೆಹುಳ ಪೊರೆ ಕಳಚಿ ಕೊನೆಯ ಜ್ವರದಿಂದ ಎದ್ದಿವೆ. ಇನ್ನೊಂದು ವಾರ ಚೆನ್ನಾಗಿ ತಿಂದರೆ ಗೂಡು. ಹಳೇ ಮನೆಯ ಅಟ್ಟದಲ್ಲೇ ಹುಳ ಸಾಕೋಣ ಎಂದವಳು ನಾನು. ಬೆಳೆ ಕೆಟ್ಟರೆ ಊರೆಲ್ಲ ನನ್ನನ್ನೇ ಆಡಿಕೊಳ್ಳುತ್ತದೆ.

ಯಜಮಾನರು ಮಾಡಿನ ನೆತ್ತಿಯ ಸಂದನ್ನೆಲ್ಲ ಮಣ್ಣು ಮೆತ್ತಿ ಮುಚ್ಚಿಸಿದ್ದಾರೆ. ಊಜಿ ನೊಣದ ಭಯ. ಹೋದ ಸಲ ಹುಳದ ಮೈಮೇಲೆ ಮೊಟ್ಟೆಯಿಟ್ಟು ಅರ್ಧ ಬೆಳೆ ಹಾಳು ಮಾಡಿತ್ತು. ರೇಷ್ಮೆ ಇಲಾಖೆಯ ಟ್ರೈನಿಂಗ್‌ನಲ್ಲಿ ಹೇಳಿದ್ದರು — ಗಾಳಿ ಕೆಳಗಿನ ಕಿಟಕಿಯಿಂದ ಬರಬೇಕು, ಬಿಸಿ ನೆತ್ತಿಯಿಂದ ಹೋಗಬೇಕು, ಎರಡೂ ಕಡೆ ಬಲೆ. ಅದನ್ನೇ ಹೇಳಿದೆ.

"ನೊಣಕ್ಕೆ ಬಾಗ್ಲು ತೆಗ್ದು ಕರೀತೀಯಾ?" ಎಂದರು. ಮಾತು ಮುಗಿಯಿತು.

೧೪ ಏಪ್ರಿಲ್

ಅಟ್ಟಕ್ಕೆ ಕಾಲಿಟ್ಟರೆ ಉಸಿರು ಕಟ್ಟುತ್ತದೆ. ತಟ್ಟೆಗಳಲ್ಲಿ ಸೊಪ್ಪು ಹಾಕಿದ ಹಾಗೇ ಇದೆ. ಹುಳ ತಿನ್ನುತ್ತಿಲ್ಲ! ಮೇಲಿನ ತಟ್ಟೆಯಲ್ಲಿ ಕೆಲವು ಮೆತ್ತಗಾಗಿ ಕಪ್ಪಾಗಿವೆ. ಆರಿಸಿ ತೆಗೆದೆ.

ಮಗನ ಪರ ವಾದಿಸಲು ಏಣಿ ಹತ್ತಿ ಬಂದ ಅತ್ತೆ ಕಾವೇರಮ್ಮ ಮೂಗು ಮುಚ್ಚಿಕೊಂಡರು.

"ಇದೇನವ್ವಾ, ಮುಚ್ಚಿಟ್ಟ ಮಡಕೆ ಇದ್ದಂಗೈತೆ! ಸತ್ತೋಯ್ತವೆ ಕಣೇ."

"ನಿಮ್ಮ ಮಗನಿಗೆ ಹೇಳಿ."

"ಅವನು ಅವರಪ್ಪನ್ ಮಾತೇ ಕೇಳ್ದೋನಲ್ಲ."

೧೫ ಏಪ್ರಿಲ್, ಮಧ್ಯಾಹ್ನ

ಯಜಮಾನರು ಹುಳಕ್ಕೆ ಔಷಧಿ ತರಲು ಚನ್ನಪಟ್ಟಣಕ್ಕೆ ಹೊರಟರು. ಬಸ್ಸು ಮರೆಯಾಗುವ ತನಕ ಕಾದೆ. ತಟ್ಟೆಗಳ ಮೇಲೆಲ್ಲ ಪೇಪರ್ ಹೊದಿಸಿ, ಒಳಗಿನಿಂದಲೇ ಒನಕೆಯಲ್ಲಿ ತಿವಿದು ನೆತ್ತಿಯ ಮಣ್ಣು ಬಿಡಿಸಿದೆ. ಹೆಂಚೂ ಒಡೆದವು. ಒಡೆಯಲಿ.

ಬಲೆ ತರುವಷ್ಟು ಹೊತ್ತೆಲ್ಲಿ? ಇವರ ಸೊಳ್ಳೆ ಪರದೆ ಕತ್ತರಿಸಿದೆ. ಅದಿಲ್ಲದೆ ನಿದ್ದೆ ಬಾರದು ಮಹಾರಾಯರಿಗೆ! ಅತ್ತೆ ತುದಿ ಹಿಡಿದರು, ನಾನು ನೆತ್ತಿಗೂ ಕಿಟಕಿಗೂ ಮೊಳೆ ಹೊಡೆದೆ.

ಸಂಜೆ

ಗಾಳಿ ಆಡುತ್ತಿದೆ. ಕಿಟಕಿಯಿಂದ ಬಂದದ್ದು ನನ್ನ ಕೊರಳಿಗೆ ತಾಗಿ ಮೇಲಕ್ಕೆ ಹೋಗುತ್ತಿದೆ. ಹೊಸ ಸೊಪ್ಪು ಹಾಕಿ ಅಟ್ಟದಲ್ಲೇ ಕಾಯುತ್ತ ಕೂತಿದ್ದೇನೆ. ಒಂದು ತಟ್ಟೆಯಲ್ಲಿ ಚರಚರ ಸದ್ದು. ಆಮೇಲೆ ಪಕ್ಕದ್ದರಲ್ಲಿ. ತಿನ್ನುತ್ತಿವೆ! ನನಗೆ ಅಳು ಬಂತು.

ಬಸ್ಸು ಬಂತು. ಅಂಗಳದಲ್ಲಿ ಇವರ ಕೂಗು — "ನೆತ್ತಿ ತೆಗ್ದೋರ್ಯಾರು?"

"ನಾನೇ ಕಣ್ಲಾ!" ಎಂದರು ಪಕ್ಕದಲ್ಲೇ ಕೂತಿದ್ದ ಅತ್ತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇವರು ಏಣಿ ಹತ್ತುತ್ತಿದ್ದಾರೆ. ಬರಲಿ. ಈ ಸದ್ದನ್ನು ಕೇಳಲಿ…

ನೆತ್ತಿಯ ಪರದೆಯ ಮೇಲೆ ಏನೋ ಕೂತಿದೆ. ಬೂದು ಬಣ್ಣ, ಬೆನ್ನ ಮೇಲೆ ಗೆರೆ. ಊಜಿಯೇ. ಹೊರಗಡೆ ಇದೆಯೋ, ಒಳ—